ರಕ್ತದ ಗುರುತು

ನನ್ನ ತಂಗಿ ಆಂಡರ್ಸನ್‌ಪೇಟೆಯ ಬಳೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಹಿಂದೆ ಅವಳ ಕಿಡ್ನಿ ಕೆಟ್ಟಾಗ ಅಮ್ಮ ತನ್ನದೊಂದನ್ನು ಕೊಟ್ಟು ಉಳಿಸಿಕೊಂಡಿದ್ದಳು. ಹೋದ ವರ್ಷ ತಲೆನೋವು ಅಂತ ವಾರದಿಂದ ಕ್ಯಾಸಂಬಳ್ಳಿಯ ನಮ್ಮನೆಯಲ್ಲೇ ಮಲಗಿದ್ದವಳು, ಒಂದು ಬೆಳಿಗ್ಗೆ ಕಾಫಿ ಕೊಡಲು ಹೋದ ನನ್ನನ್ನೇ ನೋಡಿ "ಎನ್ನಮ್ಮಾ ವೇಣುಂ?" ಅಂದಳು. ಏನಮ್ಮಾ ಬೇಕು ಅಂತ. ನಮ್ಮನೆಯಲ್ಲಿ ತಮಿಳು ಆಡುವವರು ಯಾರೂ ಇಲ್ಲ.

ಸೋದರತ್ತೆ ಎದೆ ಬಡಿದುಕೊಂಡಳು. "ಚಿನ್ನದ ಗಣಿಯಾಗೆ ಸತ್ತ ತಮಿಳ್ರ ಗಾಳಿ ಮೆಟ್ಕೊಂಡೈತೆ ಕಣೇ! ಆಸ್ಪತ್ರೆಗೆ ಓಗ್ಬೇಡಿ, ಮಂತ್ರ ಆಕ್ಸಿ."

ನನಗೆ ಮೈಯೆಲ್ಲಾ ಉರಿದುಹೋಯಿತು. "ಗಾಳಿನೂ ಇಲ್ಲ, ಮಣ್ಣಂಗಟ್ಟಿನೂ ಇಲ್ಲ. ದಿನಾ ಗಿರಾಕಿಗಳ ಅತ್ರ ಆಡೋ ಮಾತದು. ನನ್ನ ಗುರುತೇ ಸಿಕ್ತಿಲ್ಲ ಅವ್ಳಿಗೆ!" ಅಂತ ಕೂಗಾಡಿ ಆಟೋ ಕರೆಸಿದೆ.

ಬೆನ್ನುಮೂಳೆಯಿಂದ ನೀರು ತೆಗೆದು ನೋಡಿದ ಡಾಕ್ಟರು, ಮಿದುಳಿನ ಪೊರೆಗೆ ಯೀಸ್ಟ್ ಹತ್ತಿದೆ ಅಂದರು.

"ಬನ್ನು ಬ್ರೆಡ್ಡಿಗೆ ಆಕ್ತಾರಲ್ಲ, ಅದಾ ಸಾರ್?" ಅಂದಳು ಅಮ್ಮ.

ಅದರ ದೂರದ ನೆಂಟನಂತೆ, ಕೆಟ್ಟದ್ದು. ಉಸಿರಿನ ಜೊತೆ ಯಾರೊಳಗೆ ಬೇಕಾದರೂ ಹೋಗುತ್ತದಂತೆ. ಮೈಯ ಕಾವಲಿಗಿರುವ ರಕ್ತಕಣಗಳ ಮೇಲೆ ಪ್ರೋಟೀನುಗಳಿವೆ. ಅವು ಯೀಸ್ಟಿನ ಹೊರಗೋಡೆಯ ಸಕ್ಕರೆಯನ್ನು ಮುಟ್ಟಿ, ಇವನು ನಮ್ಮವನಲ್ಲ ಅಂತ ಗುರುತು ಹಿಡಿಯುತ್ತವೆ. ಈ ಯೀಸ್ಟ್ ಮಹಾ ಕಿಲಾಡಿ, ಲೋಳೆಯ ಮುಸುಕು ಹೊದ್ದು ಬರುತ್ತದೆ. ಅದೂ ಸಾಲದು ಅಂತ ತಂಗಿಯ ಕಾವಲನ್ನು ನಾವೇ ದಿನಾ ಮಾತ್ರೆ ನುಂಗಿಸಿ ಮಂಕು ಮಾಡಿದ್ದೆವು. ಇಲ್ಲದಿದ್ದರೆ ಅದು ಅಮ್ಮನ ಕಿಡ್ನಿಯನ್ನೂ ಹೊರಗಿನದು ಅಂತ ಹೊಡೆಯುತ್ತಿತ್ತು.

ಯೀಸ್ಟಿಗೆ ಕೊಟ್ಟ ಔಷಧಿ ಸಾಲಲಿಲ್ಲ. "ಕಾವಲು ಮಂಕು ಮಾಡುವ ಆ ಮಾತ್ರೆ ಕಡಿಮೆ ಮಾಡಿದರೆ ಜೀವ ಉಳಿಯಬಹುದು. ಕಿಡ್ನಿ ಉಳಿಯುತ್ತೆ ಅಂತ ಹೇಳಲಾರೆ," ಅಂದರು ಡಾಕ್ಟರು. ಅಮ್ಮ, "ಓದ್ರೆ ಓಗ್ಲಿ ಸಾರ್. ಮಗಳನ್ನ ಉಳಿಸ್ಕೊಡಿ," ಅಂದುಬಿಟ್ಟಳು.

ತಂಗಿ ಉಳಿದಳು. "ಅಕ್ಕಾ" ಅಂತ ಕರೆದ ದಿನ ವಾರ್ಡಿನಲ್ಲೇ ಗೋಳೋ ಅಂತ ಅತ್ತುಬಿಟ್ಟು ನರ್ಸಮ್ಮನಿಂದ ಬೈಸಿಕೊಂಡೆ. ಕಿಡ್ನಿ ಉಳಿಯಲಿಲ್ಲ, ಎಚ್ಚೆತ್ತ ಕಾವಲು ಅದನ್ನೂ ಹೊಡೆದುಹಾಕಿತ್ತು. ಈಗ ಡಯಾಲಿಸಿಸ್‌ಗೆ ಮೂವರೂ ಬಸ್ಸಿನಲ್ಲಿ ಹೋಗಿಬರುತ್ತೇವೆ.

ಮೊನ್ನೆ ಬಂಗಾರಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆವು. ತಂಗಿ ನನ್ನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ಅಮ್ಮ ಅವಳನ್ನೇ ನೋಡುತ್ತಾ, ಎಚ್ಚರವಾದೀತು ಅಂತ ದನಿ ತಗ್ಗಿಸಿ ಕೇಳಿದಳು:

"ಒಂಬತ್ತು ತಿಂಗ್ಳು ಒಟ್ಟೆಯಾಗೆ ಇಟ್ಕೊಂಡಿದ್ನಲ್ಲೇ. ಅವ್ಳ ರಕ್ತಕ್ಕೆ ನನ್ನ ಗುರುತು ಸಿಕ್ಲಿಲ್ವಾ?"