ಹೆಗಲು ತಾಗುವ ಸೀಟು

ನಮ್ಮ ಮನೆಯ ಹಿಂಬದಿಯ ಚಿಕ್ಕ ಕೋಣೆಯ ಕಿಟಕಿಕಟ್ಟೆಯ ಮೇಲೆ ದಿನಾ ಸಂಜೆ ಒಂದು ಲೋಟ ಚಹಾ ಬಂದು ಕೂರುತ್ತಿತ್ತು. ಇಟ್ಟವರು ನಾಲ್ಕು ಹೆಜ್ಜೆ ಹಿಂದೆ ಸರಿದ ಮೇಲೆ ನಾನು ಕಿಟಕಿ ತೆರೆದು ಅದನ್ನು ಒಳಗೆ ಎತ್ತಿಕೊಳ್ಳುತ್ತಿದ್ದೆ. ಆ ದಿನಗಳು ನಿಮಗೂ ನೆನಪಿದ್ದಾವು, ಗೆಳೆಯರೇ. ಪ್ರೀತಿಯೆಂಬುದನ್ನು ಅಡಿಗೋಲು ಹಿಡಿದು ಅಳೆದು, ಇಷ್ಟು ದೂರದಿಂದ ಮಾಡಿದರೆ ಕ್ಷೇಮ ಎಂದು ಲೋಕವೆಲ್ಲ ಒಪ್ಪಿಕೊಂಡಿದ್ದ ದಿನಗಳು. ನಾನು ಐರ್ಲೆಂಡಿನ ಗಾಲ್ವೇಯ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಕೊರೊನಾ ವಾರ್ಡಿನಿಂದ ಏನನ್ನು ಹೊತ್ತು ತರುತ್ತೇನೋ ಎಂಬ ಭಯಕ್ಕೆ ಮಾರ್ಚಿನಿಂದಲೇ ಆ ಕೋಣೆಗೆ ಸೇರಿಕೊಂಡಿದ್ದೆ. ಗೋಡೆಯ ಆಚೆಗೆ ಗಂಡ ರಘು, ಹದಿಮೂರರ ಮಗಳು ಇಂಚರ, ಮತ್ತು ಎರಡೇ ತಿಂಗಳಿಗೆಂದು ದಾವಣಗೆರೆಯಿಂದ ಬಂದು ಸಿಕ್ಕಿಕೊಂಡಿದ್ದ ಅಪ್ಪ.

ಅಪ್ಪ ಒಬ್ಬರೇ ಬಂದಿದ್ದರು. ನನ್ನ ತಂಗಿಯ ಬಾಣಂತನವೆಂದು ಅಮ್ಮ ಊರಲ್ಲೇ ಉಳಿದಿದ್ದಳು. ವಿಮಾನಗಳು ನಿಂತ ಮೇಲೆ ಅವರಿಬ್ಬರ ಸಂಸಾರ ಫೋನಿನ ಅಂಗೈಯಗಲದ ಗಾಜಿನೊಳಗೆ ನಡೆಯತೊಡಗಿತು. "ಉಂಡ್ರಾ?" ಎಂದು ಅವಳು, "ಉಂಡೆ, ನೀನು?" ಎಂದು ಅವರು, ಆಮೇಲೆ ಇಬ್ಬರೂ ಸುಮ್ಮನೆ ಒಬ್ಬರನ್ನೊಬ್ಬರು ನೋಡುತ್ತ ಕೂರುವುದು. ನಲವತ್ತು ವರ್ಷ ಲಾರಿಗಳ ಮೈ ಕಟ್ಟಿದ, ತಗಡು ಬಡಿದು ಬೆಸುಗೆ ಹಾಕಿದ ಕೈಗಳು ಆಗ ತೊಡೆಯ ಮೇಲೆ ಮಗುಚಿಕೊಂಡು ಬಿದ್ದಿರುತ್ತಿದ್ದವು. ಏಪ್ರಿಲ್ ಮುಗಿಯುವ ಹೊತ್ತಿಗೆ ಅಪ್ಪ ಗಡ್ಡ ಹೆರೆಯುವುದನ್ನು ಬಿಟ್ಟಿದ್ದರು, ತಟ್ಟೆಯಲ್ಲಿ ಅರ್ಧ ಅನ್ನ ಉಳಿಸುತ್ತಿದ್ದರು. ಡಾಕ್ಟರಾಗಿ ನನಗೆ ಅದರ ಹೆಸರು ಗೊತ್ತಿತ್ತು. ಮಗಳಾಗಿ ಆ ಹೆಸರನ್ನು ಹೇಳಿಕೊಳ್ಳಲು ಧೈರ್ಯವಿರಲಿಲ್ಲ.

ಪಕ್ಕದ ಮನೆಯ ಟಾಮ್ ತೀರಿಕೊಂಡದ್ದು ಆಗಲೇ. ಸೋಂಕಲ್ಲ, ಹೃದಯ, ಬೆಳಿಗ್ಗೆ ಎದ್ದವನು ಮೆಟ್ಟಿಲ ಮೇಲೆ ಕುಳಿತವನೇ ಮತ್ತೆ ಏಳಲಿಲ್ಲ. ಅಂತ್ಯಕ್ರಿಯೆಗೆ ಹತ್ತೇ ಜನ ಎಂಬ ನಿಯಮವಿತ್ತು. ಹಾಗಾಗಿ ಊರವರೆಲ್ಲ ರಸ್ತೆಯ ಎರಡೂ ಬದಿಗೆ ದೂರದೂರ ನಿಂತು, ಶವದ ಕಾರು ನಿಧಾನವಾಗಿ ಹಾಯುವಾಗ ತಲೆ ಬಾಗಿಸಿದರು. ಅಪ್ಪನೂ ಗೇಟಿನಲ್ಲಿ ಕೈ ಮುಗಿದು ನಿಂತಿದ್ದರು. ಆ ಕಾರು ತಿರುವಿನಲ್ಲಿ ಮರೆಯಾಗಿ ಎಷ್ಟೋ ಹೊತ್ತಿನವರೆಗೂ ಅವರ ಕೈ ಕೆಳಗಿಳಿದಿರಲಿಲ್ಲ.

ಮೂರು ವಾರದ ಬಳಿಕ ಟಾಮನ ಹೆಂಡತಿ ನೋರಾ ಬೇಲಿಯ ಆಚೆಯಿಂದ ಅಪ್ಪನನ್ನೂ ಇಂಚರಳನ್ನೂ ಕರೆದು, ತನ್ನ ಶೆಡ್ಡಿನಲ್ಲಿರುವುದನ್ನು ಒಮ್ಮೆ ನೋಡುತ್ತೀರಾ ಎಂದು ಕೇಳಿದಳು. ಅಲ್ಲಿದ್ದದ್ದು ಅಜ್ಜಂದಿರ ಕಾಲದ ಒಂದು ಕಾರಿನ ಹಂದರ. ಯಾವುದೋ ಹೊಲದಲ್ಲಿ ಕೋಳಿಗೂಡಾಗಿದ್ದದ್ದನ್ನು ಟಾಮ್ ಎತ್ತಿ ತಂದಿದ್ದನಂತೆ. ಪ್ರಾಯದಲ್ಲಿ ಅಮೆರಿಕದಲ್ಲಿ ದುಡಿಯುವಾಗ ಕಂಡ 'ಹಾಟ್ ರಾಡ್' ಒಂದನ್ನು ತಾನೂ ಮಾಡಬೇಕೆಂದು ಇಪ್ಪತ್ತು ವರ್ಷ ಅದರ ಬೆನ್ನು ಹತ್ತಿದ್ದ. ಅಂದರೆ ಹಳೆಯ ಕಾರಿನ ಮಡ್‌ಗಾರ್ಡು, ಬಾನೆಟ್ಟು, ಬೇಡದ ಒಡವೆಗಳನ್ನೆಲ್ಲ ಕಳಚಿ, ಚಾವಣಿಯನ್ನು ತಗ್ಗಿಸಿ, ಎದೆಯಲ್ಲಿ ಮಾತ್ರ ದೊಡ್ಡ ಎಂಜಿನ್ನು ಕೂರಿಸುವುದು. ಹೊಸದೊಂದನ್ನೂ ಬಳಸದೆ ಹಳೆಯದರಿಂದಲೇ ಹಳೆಯ ರೀತಿಯಲ್ಲಿ ಕಟ್ಟುವುದು. ಎಂಜಿನ್ನು ಕೂತಿತ್ತು. ಚಾವಣಿಯನ್ನು ಮಾತ್ರ ಟಾಮ್ ಕತ್ತರಿಸಿ ತೆಗೆದು ಗೋಡೆಗೆ ಒರಗಿಸಿದ್ದ. ಅಷ್ಟರಲ್ಲಿ ಅವನ ಹೊತ್ತು ಮುಗಿದಿತ್ತು.

"ಗುಜರಿಗೆ ಕೊಡೋಕೆ ಮನಸ್ಸು ಬರ್ತಿಲ್ಲ," ಎಂದಳು ನೋರಾ.

ಅಪ್ಪ ಎದೆ ಮುಟ್ಟಿಕೊಂಡು ತಮ್ಮ ಇಂಗ್ಲಿಷಿನಲ್ಲಿ, "ಐ ಟಿಂಕರ್. ಫಾರ್ಟಿ ಇಯರ್ಸ್," ಎಂದರು. ನೋರಾಳ ಮುಖ ಅರೆಗಳಿಗೆ ಬಿಗಿಯಿತು, ಆಮೇಲೆ ಅವಳು ನಕ್ಕುಬಿಟ್ಟಳು. ತಗಡಿನ ಕೆಲಸಕ್ಕೆ ನಮ್ಮೂರಿನಲ್ಲಿರುವ ಹೆಸರು ಇಲ್ಲಿ ಊರೂರು ತಿರುಗುವ ಜನರನ್ನು ಹೀಯಾಳಿಸುವ ಮಾತು ಎಂದು ಇಂಚರ ತನ್ನ ಐರಿಶ್ ಬೆರೆತ ಕನ್ನಡದಲ್ಲಿ ಅಜ್ಜನಿಗೆ ತಿಳಿಸಿದಳು. ಅಪ್ಪ, "ತಗಡು ಬಡ್ದು ಬದುಕೋದ್ರಾಗೆ ಹೀಯಾಳ್ಸೋದು ಏನೈತೆ?" ಎಂದರು. ಮರುದಿನ ಬೆಳಿಗ್ಗೆ ಗಡ್ಡ ಹೆರೆದುಕೊಂಡರು.

ಕಾರು ಹಗ್ಗ ಕಟ್ಟಿಸಿಕೊಂಡು ನಮ್ಮ ಹಿತ್ತಲಿಗೆ, ನನ್ನ ಕಿಟಕಿಯ ಎದುರಿನ ಶೆಡ್ಡಿಗೆ ಬಂತು. ರಘು ಆಫೀಸಿನ ಕರೆಗಳ ನಡುವೆ ವೈರುಗಳನ್ನು ಬಿಡಿಸಿದ. ಇಂಚರ ತುಕ್ಕು ಕೆರೆದಳು. ಅಪ್ಪ ಬೆಸುಗೆಯ ಮುಖವಾಡ ತೊಟ್ಟು ನೀಲಿ ಬೆಳಕಿನಲ್ಲಿ ಬಾಗಿದರು. ನಾನು ಆಸ್ಪತ್ರೆಯ ಮುಖವಾಡ ಕಳಚಿ ಬಂದವಳು ಗಾಜಿಗೆ ಹಣೆ ಹಚ್ಚಿ ನೋಡುತ್ತಿದ್ದೆ. ಜೂನ್ ತಿಂಗಳಲ್ಲಿ ಇಲ್ಲಿ ಹತ್ತು ಗಂಟೆಯವರೆಗೂ ಬೆಳಕು; ಅಷ್ಟು ಉದ್ದದ ಸಂಜೆಯನ್ನು ಗಾಜಿನ ಈಚೆಯಿಂದ ನೋಡುತ್ತ ಕಳೆಯುವುದೆಂದರೆ ಏನೆಂದು ಹೇಳಲಿ! ಮಗಳ ಕೂದಲಿಗೆ ತುಕ್ಕಿನ ಪುಡಿ ಹತ್ತಿದ್ದು ಕಾಣುತ್ತಿತ್ತು. ಒರೆಸುವ ಕೈ ಬೇರೆ ಯಾರದೋ. ಚಿಕ್ಕಂದಿನಲ್ಲಿ ನನ್ನನ್ನು ಗ್ಯಾರೇಜಿನ ಬಾಗಿಲಲ್ಲೇ ತಡೆದು, "ಓದ್ಕೋ ಹೋಗು, ಇದು ನಿನ್ ಕೆಲ್ಸ ಅಲ್ಲ," ಎಂದು ಅಟ್ಟುತ್ತಿದ್ದ ಅಪ್ಪ ಈಗ ನನ್ನ ಮಗಳ ಕೈ ಹಿಡಿದು ಸುತ್ತಿಗೆ ಬೀಸುವುದನ್ನು ಕಲಿಸುತ್ತಿದ್ದರು. ಅಸೂಯೆಯೆನ್ನಬೇಡಿ. ಹಸಿವಿಗೆ ಹತ್ತಿರದ್ದು ಏನೋ ಅದು.

ಚಾವಣಿ ಕೂರಿಸುವ ದಿನ ದೊಡ್ಡ ನಿರಾಸೆ ಕಾದಿತ್ತು. ನಾಲ್ಕು ಇಂಚು ತಗ್ಗಿಸಿದ ಚಾವಣಿ ಹಿಂದಿನ ಕಂಬಗಳಿಗೆ ಕೂತರೆ ಮುಂದಿನವಕ್ಕೆ ಎಟುಕುತ್ತಿರಲಿಲ್ಲ. ಮುಂಗಂಬಗಳು ಹಿಂದಕ್ಕೆ ವಾಲಿದಂಥವು. ಗಿಡ್ಡ ಮಾಡಿದಷ್ಟೂ ಅವುಗಳ ತುದಿ ಮುಂದಕ್ಕೆ ಸರಿದಿತ್ತು. "ಇಟ್ಸ್ ರೂಯಿನ್ಡ್," ಎಂದು ಇಂಚರ ಹುಲ್ಲಿನ ಮೇಲೆ ಕೂತುಬಿಟ್ಟಳು. ಅಪ್ಪ ಎರಡು ದಿನ ಕಾರಿನ ಸುತ್ತ ತಿರುಗಿದರು. ಮೂರನೆಯ ದಿನ ಸೀಮೆಸುಣ್ಣದಿಂದ ಚಾವಣಿಯ ನಡುವೆ ಅಡ್ಡಗೆರೆ ಎಳೆದು, ಅದನ್ನು ಎರಡು ಹೋಳಾಗಿ ಕತ್ತರಿಸಿ, ನಡುವೆ ಒಂದು ತಗಡಿನ ಪಟ್ಟಿ ಸೇರಿಸಿದರು. "ತಗ್ಗಿಸ್ಬೇಕು ಅಂದ್ರೆ ಎಲ್ಲಾದ್ರೂ ಉದ್ದ ಮಾಡ್ಲೇಬೇಕು ಕಣವ್ವ," ಎಂದು ನನ್ನ ಕಿಟಕಿಯತ್ತ ಕೂಗಿ ಹೇಳಿದರು. ಆ ಬೇಸಿಗೆಯಲ್ಲಿ ನಮ್ಮೆಲ್ಲರ ಬದುಕೂ ಎಷ್ಟೋ ಇಂಚು ತಗ್ಗಿಹೋಗಿತ್ತು. ಎಲ್ಲಿ ಉದ್ದ ಮಾಡಿಕೊಳ್ಳಬೇಕೆಂಬುದಷ್ಟೇ ತಿಳಿಯುತ್ತಿರಲಿಲ್ಲ.

ನನಗೂ ಒಂದು ಕೆಲಸ ಉಳಿಸಿದ್ದರು. ಕಂದು ರೆಕ್ಸಿನ್ನು, ಸ್ಪಂಜು, ದಪ್ಪ ದಾರ ಕಿಟಕಿಕಟ್ಟೆಗೆ ಬಂದವು. "ಹೊಲಿಯೋದು ನಿನ್ ಕಸುಬು ತಾನೆ?" ಎಂದರು ಅಪ್ಪ. ಸಾಲು ಸಾಲು ಮಡಿಕೆಯ ಆ ಸೀಟನ್ನು ಹೊಲಿಯಲು ಹದಿನೈದು ದಿನ ಹಿಡಿಯಿತು. ಸಣ್ಣ ಸೀಟು, ಇಬ್ಬರು ಕೂತರೆ ಹೆಗಲಿಗೆ ಹೆಗಲು ತಾಗಲೇಬೇಕು. ಮುಗಿದ ದಿನ ಅದನ್ನು ಕಿಟಕಿಯಿಂದ ದಾಟಿಸಿ ಸುಮ್ಮನಿರಬೇಕಿತ್ತು. ಆದರೆ ನಾನು ಮಾಸ್ಕ್ ಹಾಕಿಕೊಂಡು ಅದನ್ನು ಹೊತ್ತು ಶೆಡ್ಡಿಗೇ ನಡೆದೆ. ಹತ್ತು ನಿಮಿಷ ಅಪ್ಪನ ಪಕ್ಕ ನಿಂತು ಬೋಲ್ಟು ಬಿಗಿಸಿದೆ. ಗ್ರೀಸಿನ ವಾಸನೆ ಮಾಸ್ಕಿನೊಳಗೂ ಬಂತು. ಎಳೆತನದ ಆ ಗ್ಯಾರೇಜಿನ ಬಾಗಿಲನ್ನು ಕೊನೆಗೂ ದಾಟಿದ್ದೆ.

ನಾಲ್ಕನೆಯ ದಿನ ಅಪ್ಪನಿಗೆ ಜ್ವರ ಬಂತು.

ಪರೀಕ್ಷೆಯ ಫಲಿತಾಂಶಕ್ಕೆ ಎರಡು ದಿನ ಕಾದೆವು. ಅಮ್ಮನಿಗೆ ಅಪ್ಪ ಮಲಗಿದ್ದಾರೆ ಎಂದು ಸುಳ್ಳು ಹೇಳಿದೆ. ಇಂಚರ ಶೆಡ್ಡಿನಲ್ಲಿ ಕಾರಿನೊಳಗೆ ಒಬ್ಬಳೇ ಮೊಣಕಾಲು ಅಪ್ಪಿಕೊಂಡು ಕೂತಿರುತ್ತಿದ್ದಳು. ನಾನು ಅಪ್ಪನ ಕೋಣೆಯ ಮುಚ್ಚಿದ ಬಾಗಿಲ ಹೊರಗೆ ನೆಲದ ಮೇಲೆ ಕೂತು, "ನನ್ನಿಂದ್ಲೇ ಆಯ್ತಪ್ಪ, ನಾನು ಬರಬಾರ್ದಿತ್ತು," ಎಂದೆ.

ಒಳಗಿಂದ ಮಂಚ ಕಿರುಗುಟ್ಟಿದ ಸದ್ದು, ಆಮೇಲೆ ಮಾತು. "ಗೀತವ್ವ, ಇಲ್ಲಿ ಹತ್ತೇ ಜನನಾ ಬರೋದು?"

"ಅಪ್ಪ, ಹಂಗೆಲ್ಲ ಮಾತಾಡಬೇಡಿ."

"ನಮ್ಮೂರಾಗೆ ಚಾ ಅಂಗಡಿ ಮುಂದೇನೇ ಹತ್ತು ಜನ ಇರ್ತಾರೆ." ಮೆಲ್ಲಗೆ ಸೇರಿಸಿದರು. "ನಿಮ್ಮಮ್ಮ ಒಬ್ಳು ಇದ್ರೆ ಸಾಕಿತ್ತು ಅನ್ಸುತ್ತೆ."

ನಾನು ಬಾಗಿಲ ಮೇಲೆ ಅಂಗೈ ಇಟ್ಟೆ. ಅವರು ಆಚೆಯಿಂದ ಇಟ್ಟರೋ ಇಲ್ಲವೋ, ಕೇಳಲಿಲ್ಲ.

ಫಲಿತಾಂಶ ನೆಗೆಟಿವ್ ಬಂತು. ಮೂತ್ರದ ಸೋಂಕು, ಐದು ದಿನದ ಮಾತ್ರೆಗೆ ಇಳಿಯುವಂಥದ್ದು. ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಆ ಸಂದೇಶ ಓದಿ ಸ್ಟೀರಿಂಗಿಗೆ ತಲೆಯಿಟ್ಟು ಅತ್ತೆ. ಆ ರಾತ್ರಿಯ ವಿಡಿಯೊ ಕರೆಯಲ್ಲಿ ಅಪ್ಪ ತಾವೇ ಅಮ್ಮನಿಗೆ ಎಲ್ಲ ಹೇಳಿದರು. ಅವಳು ಬೈದಳು, ಅತ್ತಳು. "ಮೊದ್ಲು ಆ ಡಬ್ಬಾ ಕಾರು ಮುಗಿಸಿ ಮನೆಗೆ ಬನ್ನಿ," ಎಂದಳು.

ಸೆಪ್ಟೆಂಬರಿನಲ್ಲಿ ಅಪ್ಪನಿಗೆ ವಿಮಾನದಲ್ಲಿ ಜಾಗ ಸಿಕ್ಕಿತು. ಹೊರಡಲು ಎರಡು ದಿನವಿರುವಾಗ ಎಂಜಿನ್ನು ಕೆಮ್ಮಿ, ಉಗುಳಿ, ನಾಲ್ಕನೆಯ ಸಲಕ್ಕೆ ಗುಡುಗಿತು. ಪಕ್ಕದ ಹೊಲದ ಹಸುಗಳೆಲ್ಲ ಒಮ್ಮೆಗೇ ತಲೆಯೆತ್ತಿದವು. ರಸ್ತೆಗಿಳಿಸಲು ಕಾಗದಪತ್ರ ಇರಲಿಲ್ಲ. ನೋರಾಳ ಮನೆಯಿಂದ ಹೊಲಕ್ಕೆ ಹೋಗುವ ಅವಳದೇ ಕಲ್ಲುದಾರಿಯಿತ್ತು. ಸ್ಟೀರಿಂಗ್ ಹಿಡಿದ ಅಪ್ಪನ ಪಕ್ಕ ಮೊದಲು ಅವಳೇ ಕೂತಳು, ಕಿಟಕಿಗಾಜುಗಳಿಲ್ಲದ ಆ ಕಾರಿನಲ್ಲಿ ಮಾಸ್ಕ್ ಹಾಕಿಕೊಂಡು. ಒಂದು ಸುತ್ತು ಹೋಗಿ ಬಂದು ಇಳಿದಾಗ, "ಇಪ್ಪತ್ತು ವರ್ಷ ಈ ಕಾರಿಗೆ ಶಾಪ ಹಾಕಿದ್ದೆ," ಎಂದು ಅದರ ಬಾಗಿಲನ್ನು ನೇವರಿಸಿದಳು. "ಒಮ್ಮೆಯಾದರೂ ಅವನ ಜತೆ ಹೋಗಿ ಶೆಡ್ಡಿನಲ್ಲಿ ಕೂರಬಹುದಿತ್ತು." ಆಮೇಲೆ ಅಪ್ಪನತ್ತ ತಿರುಗಿ, "ಗ್ರ್ಯಾಂಡ್ ಜಾಬ್," ಎಂದಳು. ಅಪ್ಪನಿಗೆ ಅರ್ಥವಾಯಿತು.

ಆಮೇಲೆ ರಘು ಕೂತ, ಇಂಚರ ಕಿರುಚುತ್ತ ಎರಡು ಸಲ ಹೋಗಿಬಂದಳು. ನಾನು ಬೇಲಿಯ ಬಳಿ ನಿಂತಿದ್ದೆ. ಹಿಂದಿನ ದಿನವಷ್ಟೇ ಪರೀಕ್ಷೆ ಮಾಡಿಸಿಕೊಂಡಿದ್ದೆ, ಸೋಂಕಿಲ್ಲವೆಂದು ಗೊತ್ತಿತ್ತು. ಆದರೂ ಕಾಲು ಏಳಲಿಲ್ಲ. ದೂರವೆಂಬುದು ಮೈಗೆ ಅಂಟಿದ ಮೇಲೆ ನಿಯಮ ಸಡಿಲವಾದರೂ ಅದು ಕಳಚಿಕೊಳ್ಳುವುದಿಲ್ಲ.

"ಬಾರವ್ವ," ಎಂದರು ಅಪ್ಪ, ಒಳಗಿನಿಂದಲೇ ಬಾಗಿಲು ತಳ್ಳಿ.

ಹೋಗಿ ಕೂತೆ. ಕಾರು ಕಲ್ಲುದಾರಿಯಲ್ಲಿ ಕುಲುಕುತ್ತ ಹೊರಟಿತು. ಮೊದಲ ಕುಲುಕಿಗೇ ಅವರ ಹೆಗಲು ನನ್ನ ಹೆಗಲಿಗೆ ತಾಗಿತು. ಆರು ತಿಂಗಳಲ್ಲಿ ಕೈಗವಸಿಲ್ಲದೆ, ಗಾಜಿಲ್ಲದೆ, ಬಾಗಿಲಿಲ್ಲದೆ ನನ್ನನ್ನು ಮುಟ್ಟಿದ ಮೊದಲ ಮೈ. ಅಪ್ಪ ಇಷ್ಟು ತೆಳುವಾಗಿದ್ದಾರೆಂದು ನೋಡಿ ತಿಳಿದಿತ್ತು. ತಾಗಿದಾಗ ಗೊತ್ತಾದದ್ದು ಬೇರೆಯೇ. ಬಿಸಿಯಾಗಿದ್ದರು. ಬದುಕಿದ್ದರು. ನಾಳಿದ್ದು ಹೊರಟುಹೋಗುವವರಿದ್ದರು. ಆ ಗದ್ದಲದಲ್ಲಿ ಮಾತಾಡಿದರೂ ಕೇಳುತ್ತಿರಲಿಲ್ಲ. ಹೊಲದ ಗೇಟಿನಲ್ಲಿ ತಿರುಗಿಸಿ, ಹಿಂದಿರುಗಿ, ಎಲ್ಲರೂ ನಿಂತಿದ್ದಲ್ಲಿಗೆ ಬಂದು ನಿಲ್ಲಿಸಿದರು. ಆದರೆ ಎಂಜಿನ್ನು ಆರಿಸಲಿಲ್ಲ. ಕೈ ಗೇರಿನ ಮೇಲೆಯೇ ಇತ್ತು, ಕಣ್ಣು ದಾರಿಯ ಮೇಲೆ.

"ಇನ್ನೊಂದು ಸುತ್ತು ಹೋಗಣೇನವ್ವ?"

ಸಾಕು, ಸುಸ್ತಾಗುತ್ತದೆ, ಡಾಕ್ಟರಾಗಿ ಹೇಳುತ್ತಿದ್ದೇನೆ ಎಂದು ಹೇಳಬೇಕಿತ್ತು. ನಾನು ಇನ್ನಷ್ಟು ಅವರ ಕಡೆಗೆ ಸರಿದು ಕೂತೆ.