ಇನ್ಸುಲೇಟರ್ ನೋಡುವ ಕ್ಯಾಮರಾ

ಮುಂಡಾಜೆಯ ಲೈನ್‌ಮನ್ ಧರ್ಣಪ್ಪ ಮೂವತ್ತು ವರ್ಷ ಕಂಬ ಹತ್ತಿಳಿದು ಬಲಮೊಣಕಾಲನ್ನು ಸವೆಸಿಕೊಂಡಿದ್ದ. ಚಾರ್ಮಾಡಿ ಕಡೆಯ ಲೈನಿನಲ್ಲಿ ಕರೆಂಟು ಹೋದರೆ ತಂತಿ ಹೊತ್ತ ಪಿಂಗಾಣಿ ಇನ್ಸುಲೇಟರುಗಳಲ್ಲಿ ಯಾವುದು ಬಿರುಕು ಬಿಟ್ಟಿದೆಯೆಂದು ಹುಡುಕಬೇಕು. ಕೂದಲೆಳೆಯಷ್ಟು ಬಿರುಕು ನೆಲದಿಂದ ಕಾಣುವುದಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದರೆ ಕಲಸಿದ ದೋಸೆಹಿಟ್ಟಿನಂತೆ ಕಾಣುತ್ತಿತ್ತು. ಹಾಗಾಗಿ ಒಂದರ ನಂತರ ಒಂದು ಕಂಬ ಹತ್ತುವುದೇ ದಾರಿ.

ಒಂದು ಭಾನುವಾರ ಅವನು ಬಸ್ಸು ಹತ್ತಿ ಬಿ.ಸಿ.ರೋಡಿಗೆ ಬಂದ. ಮಹಡಿಯ ಮೇಲಿನ ಕ್ಯಾಮರಾ ಅಂಗಡಿಯಲ್ಲಿ ಮಾಲಕಿ ಮುರ್ಶಿದಾ ಕುಳಿತಿದ್ದಳು.

"ದೂರದ್ದು ಹತ್ತಿರ ಕಾಣುವ ಕ್ಯಾಮರಾ ಉಂಟಾ?"

"ಉಂಟು. ಹಕ್ಕಿ ತೆಗೀಲಿಕ್ಕಾ?"

"ಅಲ್ಲ, ಕರೆಂಟು ಕಂಬ ತೆಗೀಲಿಕ್ಕೆ."

ಮುರ್ಶಿದಾ ನಗಲಿಲ್ಲ. ಮೊದಲು ಮೊಳದುದ್ದ ಲೆನ್ಸಿನ ಕ್ಯಾಮರಾ ತೋರಿಸಿದಳು.

"ಇದನ್ನು ಹೊರ್ಲಿಕ್ಕೆ ಇನ್ನೊಬ್ಬ ಲೈನ್‌ಮನ್ ಬೇಕಾದೀತು ಮಾರಾಯ್ತಿ!" ಎಂದು ಧರ್ಣಪ್ಪ ಹಿಂದೆ ಸರಿದ. ಕಪಾಟಿನಲ್ಲಿ 'ಅರುವತ್ತು ಪಟ್ಟು ಝೂಮ್' ಎಂದು ಬರೆದಿದ್ದ ಅಗ್ಗದ ಪೆಟ್ಟಿಗೆ ಅವನ ಕಣ್ಣಿಗೆ ಬಿತ್ತು.

"ಆ ನಂಬರ್ ನಂಬಬೇಡಿ. ಅದು ಡಿಜಿಟಲ್ ಝೂಮ್, ಮೊಬೈಲಿನ ಹಾಗೆ ಚಿತ್ರವನ್ನು ಎಳೀತದೆ ಅಷ್ಟೆ. ಆಪ್ಟಿಕಲ್ ಅಂತ ಇರ್ಬೇಕು. ಲೆನ್ಸಿನೊಳಗೆ ಗಾಜೇ ಸರೀಬೇಕು."

ಅವಳು ಕೊಟ್ಟದ್ದು ಮೂವತ್ತು ಪಟ್ಟಿನ, ಅಂಗಿಯ ಕಿಸೆಗೆ ಹಿಡಿಸುವ, ಯಾರೋ ಬಳಸಿ ಮಾರಿದ ಕ್ಯಾಮರಾ. ಧರ್ಣಪ್ಪ ಬಾಲ್ಕನಿಗೆ ಹೋಗಿ ಹೆದ್ದಾರಿಯಾಚೆಯ ಟ್ರಾನ್ಸ್‌ಫಾರ್ಮರಿಗೆ ಗುರಿಯಿಟ್ಟ. ಚಿತ್ರ ನಡುಗಿತು.

"ಮೊಣಕೈಯನ್ನು ಗ್ರಿಲ್ಲಿಗೆ ಒರಗಿಸಿ. ಉಸಿರು ಹಿಡೀರಿ."

"ಓ! ಬೋಲ್ಟಿನ ತುಕ್ಕು ಸಹ ಕಾಣ್ತದೆ!" ಎಂದು ಅವನು ಕೂಗಿದ್ದು ಕೇಳಿ, ಕೆಳಗೆ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಲೆಯೆತ್ತಿದರು.

"ಒಂದು ಹೇಳ್ತೇನೆ. ಮೋಡ ಕಟ್ಟಿದ್ರೆ, ಸಂಜೆ ಆದ್ರೆ, ಇದ್ರಲ್ಲಿ ಚಿತ್ರ ಮಸುಕು ಬರ್ತದೆ. ಈ ದುಡ್ಡಿಗೆ ಅಷ್ಟೇ," ಎಂದಳು ಮುರ್ಶಿದಾ.

ಕೊರತೆಯನ್ನೂ ಹೇಳಿ ಮಾರುವವಳ ಬಳಿ ಚೌಕಾಸಿ ಮಾಡಲು ಅವನಿಗೆ ಮನಸ್ಸಾಗಲಿಲ್ಲ. ಒಂಬತ್ತೂವರೆ ಸಾವಿರ ಕೊಟ್ಟು ತಂದ.

ಜೊತೆಗಾರ ಕಮಲಾಕ್ಷ ಮರುದಿನ ಕ್ಯಾಮರಾ ನೋಡಿ, "ಯಾರ ಮದುವೆ ಧರ್ಣಪ್ಪಣ್ಣ?" ಎಂದು ತಮಾಷೆ ಮಾಡಿದ. ಆ ವಾರವೇ ಒಂದು ಬೆಳಗ್ಗೆ ಚಾರ್ಮಾಡಿ ಲೈನು ಕೈಕೊಟ್ಟಿತು. ಧರ್ಣಪ್ಪ ಪ್ರತಿ ಕಂಬದ ಬುಡದಲ್ಲೂ ಬೈಕು ನಿಲ್ಲಿಸಿ, ಅದರ ಸೀಟಿಗೆ ಮೊಣಕೈಯೂರಿ ಮೇಲಕ್ಕೆ ನೋಡುತ್ತ ಹೋದ. ಹದಿಮೂರನೆಯ ಕಂಬದಲ್ಲಿ ಬಿಳಿ ಪಿಂಗಾಣಿಯ ಮೇಲೊಂದು ಕಪ್ಪು ಗೆರೆ.

"ಜೇಡರಬಲೆ ಇರ್ಬೇಕು," ಎಂದ ಕಮಲಾಕ್ಷ.

"ಬಲೆ ಆದ್ರೆ ಗಾಳಿಗೆ ಅಲ್ಲಾಡ್ಬೇಕಿತ್ತಲ್ಲ?"

ಲೈನು ಆಫ್ ಮಾಡಿಸಿ, ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ಥಿಂಗ್ ಕಟ್ಟಿ ಕಮಲಾಕ್ಷ ಹತ್ತಿದ. ಬಿಚ್ಚುತ್ತಿದ್ದಂತೆ ಇನ್ಸುಲೇಟರ್ ಅವನ ಕೈಯಲ್ಲೇ ಎರಡು ಹೋಳಾಯಿತು. ಹನ್ನೊಂದು ಗಂಟೆಗೆ ಕರೆಂಟು ಬಂತು.

ಸುದ್ದಿ ಕೇಳಿದ ಕಚೇರಿಯ ಇಂಜಿನಿಯರರು ಮಳೆಗಾಲಕ್ಕೆ ಮುಂಚೆ ಇಡೀ ಲೈನಿನ ಚಿತ್ರ ತೆಗೆದುಕೊಡಲು ಹೇಳಿದರು. ಧರ್ಣಪ್ಪ ನೂರಹದಿನಾಲ್ಕು ಕಂಬಗಳನ್ನು ಸೆರೆಹಿಡಿದ. ಅಷ್ಟು ವರ್ಷ ತಂತಿ, ಬೋಲ್ಟುಗಳ ನಡುವೆ ಕಳೆದವನಿಗೆ ಕೆಳಗೆ ನಿಂತು ಅವನ್ನು ನೋಡುವುದು ಮೊದಮೊದಲು ಮೈಗಳ್ಳತನದಂತೆ ಅನಿಸಿತು. ಆ ಸಂಕೋಚ ಎರಡು ದಿನಕ್ಕೆ ಹೋಯಿತು. ಈಗ ಕಮಲಾಕ್ಷನೇ ಬೆಳಗ್ಗೆ ಮೊದಲು ಕೇಳುತ್ತಾನೆ: "ಬ್ಯಾಟರಿ ಚಾರ್ಜ್ ಮಾಡಿದ್ದೀರಾ?"