ನಲವತ್ತಮೂರು ಮುನಿಗಳೂ ಒಬ್ಬ ಮಂಗಮ್ಮನೂ

ನಮ್ಮ ಮಂಗಮ್ಮನ ವಿಷಯ ಬರೆಯಬೇಕೆಂದು ಕೂತಿದ್ದೇನೆ. ಅವಳನ್ನು ಕೇಳಿದರೆ "ನನ್ನ ಬಗ್ಗೆ ಏನೈತೆ ಬರೆಯೋಕೆ, ಸುಮ್ನಿರಕ್ಕ" ಅನ್ನುತ್ತಾಳೆ. ಸುಮ್ಮನಿರುವ ಜಾಯಮಾನ ನನ್ನದಲ್ಲ. ಶಿಡ್ಲಘಟ್ಟದ ಒಂದು ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ಮೂವತ್ತೊಂದು ವರ್ಷದಿಂದ ಸೂಕ್ಷ್ಮದರ್ಶಕದ ಮುಂದೆ ಕೂತಿರುವವಳು ನಾನು, ವೆಂಕಟರತ್ನಮ್ಮ. ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು, ಗಾಜಿನ ಮೇಲೆ ಸವರಿ, ಗಂಟುರೋಗ ಇದೆಯೋ ಇಲ್ಲವೋ ಹೇಳುವುದು ನನ್ನ ಕೆಲಸ. ತಾಯಿ ಚಿಟ್ಟೆಗೆ ಆ ರೋಗವಿದ್ದರೆ ಮೊಟ್ಟೆಗೂ ಇಳಿಯುತ್ತದೆ. ಮೊಟ್ಟೆಯನ್ನು ಕಾಗದದ ಹಾಳೆಯ ಮೇಲೆ ಇಡಿಸಿ ರೈತರಿಗೆ ಮಾರುತ್ತೇವೆ; ಅಂಥ ಒಂದೇ ಒಂದು ಹಾಳೆ ಮೊಟ್ಟೆ ರೈತನ ಮನೆ ಸೇರಿದರೂ ಆ ಮನೆಯ ಹುಳುವೆಲ್ಲ ಮಣ್ಣು. ನಾನು ನೋಡಿ ಇಟ್ಟ ಗಾಜುಗಳನ್ನು ತೊಳೆಯುವವಳು ಮಂಗಮ್ಮ. ಜಂಗಮಕೋಟೆಯಿಂದ ಬೆಳಗಿನ ಬಸ್ಸಿಗೆ ಬರುತ್ತಾಳೆ. ಎಸೆಸೆಲ್ಸಿ ಓದಿದ್ದಾಳೆ, ಮಾತು ಕಡಿಮೆ.

ನಮ್ಮ ಕೇಂದ್ರದ ಕಂಪ್ಯೂಟರ್ ಒಂದು ಮುದಿ ಯಂತ್ರ. ಮೌಸ್ ಇಲ್ಲ, ಬಣ್ಣದ ಚಿತ್ರ ಇಲ್ಲ. ಕಪ್ಪು ತೆರೆಯಲ್ಲಿ ಒಂದು ಬಿಳಿ ಗೆರೆ ಮಿಣುಕುತ್ತಿರುತ್ತದೆ, ಏನು ಬೇಕಾದರೂ ಟೈಪ್ ಮಾಡಿಯೇ ಹೇಳಬೇಕು. ಅದನ್ನು ಜೋಡಿಸಿಕೊಟ್ಟ ಚಿಂತಾಮಣಿಯ ವೇಣು ಎಂಬಾತ ಮೂರು ದಿನ ಪಾಠ ಮಾಡಿದ. ನಾವೆಲ್ಲ ಕುರ್ಚಿ ಎಳೆದುಕೊಂಡು ಕೂತು ದೊಡ್ಡದಾಗಿ ತಲೆ ಆಡಿಸಿದೆವು, ಒಬ್ಬರ ತಲೆಗೂ ಒಂದಕ್ಷರ ಇಳಿಯಲಿಲ್ಲ. ಬಾಗಿಲ ಬಳಿ ಗಾಜು ಒರೆಸುತ್ತ ನಿಂತಿದ್ದ ಮಂಗಮ್ಮನಿಗೆ ಎಲ್ಲವೂ ಇಳಿದಿತ್ತು. ನಾಲ್ಕನೇ ದಿನ ಯಂತ್ರದ ಮುಂದೆ ಕೂತವಳು ಅವಳೇ.

ಪ್ರತಿ ಮೊಟ್ಟೆ ಹಾಳೆಗೂ ಅವಳು ಒಂದು ಫೈಲು ಮಾಡಿದಳು. ಹೆಸರಿಡುವ ಕ್ರಮವೂ ಅವಳದೇ. ಮೊದಲು ಹಾಳೆ ಕೊಳ್ಳುವ ರೈತನ ಹೆಸರು, ಒಂದು ಅಡ್ಡಗೆರೆ, ಆಮೇಲೆ ಮೊಟ್ಟೆ ಯಾವ ಲಾಟಿನದೋ, ಅಂದರೆ ಒಟ್ಟಿಗೆ ಬೆಳೆದ ಚಿಟ್ಟೆಗಳ ಯಾವ ಗುಂಪಿನದೋ, ಆ ನಂಬರು. ಒಂದು ಹಾಳೆಯಲ್ಲಿ ರೋಗ ಕಂಡರೂ ಇಡೀ ಲಾಟನ್ನೇ ಸುಡಬೇಕು. ಯಂತ್ರದಲ್ಲಿ ಅದು ಇಂಗ್ಲಿಷ್ ಅಕ್ಷರದಲ್ಲಿದೆ, ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಸಾವಿರ ಫೈಲಿನಲ್ಲಿ ಬೇಕಾದ್ದನ್ನು ಹುಡುಕಲು ಅವಳ ಹತ್ತಿರ ಇದ್ದದ್ದು ನಕ್ಷತ್ರದ ಗುರುತು. "ಈ ಸ್ಟಾರು ಇದ್ದ ಜಾಗದಲ್ಲಿ ಏನಾದ್ರೂ ಇರ್ಬೋದಕ್ಕ, ಎಷ್ಟಕ್ಷರ ಆದ್ರೂ ಸರಿ, ಏನೂ ಇಲ್ದಿದ್ರೂ ಸರಿ. ಪ್ರಶ್ನೆ ಗುರುತು ಹಾಕಿದ್ರೆ ಒಂದೇ ಒಂದಕ್ಷರ" ಎಂದು ನನಗೆ ಹೇಳಿಕೊಟ್ಟಳು. ನನಗಿಂತ ಹತ್ತು ವರ್ಷ ಚಿಕ್ಕವಳು ನನಗೆ ಪಾಠ ಹೇಳುತ್ತಾಳಲ್ಲ ಎಂದು ಮೊದಲು ಉರಿಯಿತು, ನಿಜ ಹೇಳುತ್ತೇನೆ.

ಅವಳೇನು ತಪ್ಪೇ ಮಾಡದವಳಲ್ಲ. ಮೊದಲ ತಿಂಗಳೇ 'ಹಳೆ*' ಎಂದು ಬರೆದು ಹಳೆಯ ಫೈಲುಗಳನ್ನು ಅಳಿಸಲು ಹೋಗಿ, 'ಹಳೆ' ಮತ್ತು ನಕ್ಷತ್ರದ ನಡುವೆ ಒಂದು ಜಾಗ ಬಿಟ್ಟಳು. ಒಂಟಿ ನಕ್ಷತ್ರ ಅಂದರೆ ಎಲ್ಲವೂ. ಇದ್ದಬದ್ದ ಫೈಲೆಲ್ಲ ಕಣ್ಣೆದುರೇ ಗುಡಿಸಿಹೋಯಿತು. ನಾನು ಬಾಯಿಗೆ ಬಂದ ಹಾಗೆ ಬೈದೆ. ಅವಳು ಎರಡು ದಿನ ಕೂತು ರಿಜಿಸ್ಟರ್ ನೋಡಿ ಎಲ್ಲವನ್ನೂ ಮತ್ತೆ ತುಂಬಿದಳು. ಅಂದಿನಿಂದ ಯಾವುದನ್ನೇ ಅಳಿಸುವ ಮೊದಲು 'ಎಕೋ' ಎಂಬ ಆಜ್ಞೆ ಕೊಟ್ಟು, ಆ ನಕ್ಷತ್ರಕ್ಕೆ ಯಾವ ಯಾವ ಹೆಸರು ಸಿಗುತ್ತವೆ ಎಂದು ಓದಿಕೊಳ್ಳದೆ ಅವಳು ಮುಂದೆ ಹೋಗುವುದಿಲ್ಲ.

ಕಳೆದ ಶ್ರಾವಣದಲ್ಲಿ ಒಂದು ದಿನ, ಮೂರು ಗಂಟೆಗೆ ಚೀಟಿ ಅಚ್ಚಾಗಬೇಕು. ಫೈಲು ಇರುವ ಹಾಳೆಗಳಿಗೆ ಚೀಟಿ ಬರುತ್ತದೆ, ಚೀಟಿ ಇದ್ದ ಹಾಳೆ ರೈತನಿಗೆ, ಇಲ್ಲದ್ದು ಬೆಂಕಿಗೆ. ಅಂಗಳದ ತುಂಬ ರೈತರು ಕೂತಿದ್ದರು. ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಹದಕ್ಕೆ ಬಂದಿತ್ತು, ಇವತ್ತು ಮೊಟ್ಟೆ ಸಿಗದಿದ್ದರೆ ಆ ಬೆಳೆಯೇ ಇಲ್ಲ. ಎರಡು ಗಂಟೆಗೆ ಕೊನೆಯ ಗಾಜು ನೋಡುತ್ತಿದ್ದಾಗ ಗಂಟುರೋಗ ಕಂಡಿತು. "ಮುನಿಶಾಮಪ್ಪನ ಹಾಳೇಲಿ ರೋಗ ಐತೆ" ಎಂದು ಕೂಗಿಬಿಟ್ಟೆ. ಲಾಟಿನ ನಂಬರು ಹೇಳಬೇಕಿತ್ತು. ಇಲ್ಲಿ ನಾವು ಯಾವುದನ್ನೂ ನಂಬರಿನಿಂದ ಕರೆಯುವವರಲ್ಲ, ಮನುಷ್ಯರ ಹೆಸರಿನಿಂದಲೇ ಕರೆಯುತ್ತೇವೆ. ತಪ್ಪು ನನ್ನದೇ.

ಕೇಂದ್ರಕ್ಕೆ ಹೊಸದಾಗಿ ಬಂದಿದ್ದ ಮ್ಯಾನೇಜರ್ ಮೋಹನ್‌ಬಾಬು ಓಡಿಬಂದು ಯಂತ್ರದ ಮುಂದೆ ಕೂತರು. ಆಂಧ್ರದ ಗೋದಾವರಿ ಕಡೆಯವರು, ಒಳ್ಳೆಯವರೇ, ಆದರೆ ಅವಸರ ಜಾಸ್ತಿ. 'ಮುನಿ*' ಎಂದು ಹುಡುಕಿದರು. ತೆರೆಯ ಮೇಲೆ ಸಾಲುಸಾಲು ಹೆಸರು, ಒಟ್ಟು ನಲವತ್ತಮೂರು.

"ಏಮಮ್ಮಾ, ಇಷ್ಟು ದೊಡ್ಡ ಕುಟುಂಬವಾ? ಒಂದೇ ಮನೆಯವರಿಗೆ ಒಂದೇ ಲಾಟು ಕೊಟ್ಟಿರ್ತೀರ. ಎಲ್ಲಾ ಸುಟ್ಟುಬಿಡೋಣ" ಅಂದರು.

ಅವರ ಕಡೆ ಹೆಸರಿನ ಮುಂದೆ ಮನೆತನದ ಹೆಸರು ಬರುತ್ತದೆ, ಮುನಿ ಎನ್ನುವುದನ್ನೂ ಹಾಗೇ ಅಂದುಕೊಂಡರು. ನಮ್ಮಲ್ಲಿ ಮುನೇಶ್ವರನಿಗೆ ಹರಕೆ ಹೊತ್ತು ಹುಟ್ಟಿದವರೆಲ್ಲ ಮುನಿಗಳೇ. ಮುನಿಯಪ್ಪ, ಮುನಿವೆಂಕಟಪ್ಪ, ಮುನಿರತ್ನಮ್ಮ, ಮುನಿಕೃಷ್ಣ. ಒಬ್ಬರ ಮನೆಗೂ ಇನ್ನೊಬ್ಬರ ಮನೆಗೂ ಸಂಬಂಧವಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಂಥದ್ದಕ್ಕೇ ಇರುವುದು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಅಳಿಸುವ ಆಜ್ಞೆ 'ಆರ್‌ಎಂ' ಬರೆದು, ಪಕ್ಕದಲ್ಲಿ 'ಮುನಿ*' ಸೇರಿಸಿ, ಎಂಟರ್ ಮೇಲೆ ಬೆರಳಿಟ್ಟಿದ್ದರು.

ಮಂಗಮ್ಮ ಒದ್ದೆ ಕೈಯಲ್ಲೇ ಬಂದು ಕೀಲಿಮಣೆಯನ್ನು ಅವರ ಮುಂದಿನಿಂದ ಎಳೆದುಕೊಂಡಳು. ಮ್ಯಾನೇಜರ್ ಮುಂದಿನಿಂದ! ಜೊತೆಗೆ ಕೆಲಸ ಮಾಡಿದ ಹದಿನೆಂಟು ವರ್ಷದಲ್ಲಿ ಅವಳು ಹಾಗೆ ಮಾಡಿದ್ದನ್ನು ನಾನು ಕಂಡಿಲ್ಲ.

"ತಪ್ಪು ತಿಳ್ಕೋಬೇಡಿ ಸಾರ್. ಆರ್‌ಎಂಗೆ ಸ್ಟಾರು ಕಾಣ್ಸೋದೇ ಇಲ್ಲ. ಮಧ್ಯದಲ್ಲಿ ಶೆಲ್ಲು ಅಂತ ಒಬ್ಬ ಅವ್ನೆ, ಅವ್ನು ಸ್ಟಾರು ಬಿಚ್ಚಿ ಸಿಕ್ಕಿದ ಹೆಸ್ರೆಲ್ಲಾ ಬರೆದು ಆರ್‌ಎಂ ಕೈಗೆ ಕೊಡ್ತಾನೆ. ಯಾರು ಏನು ಅಂತ ಇಬ್ರೂ ಕೇಳಲ್ಲ, ನಾವೇ ಕೇಳ್ಬೇಕು."

"ಮತ್ತೆ ಹೇಗಮ್ಮ?"

"ರೋಗ ಇರೋದು ಹೆಸ್ರಲ್ಲಿ ಅಲ್ಲ ಸಾರ್, ಲಾಟಲ್ಲಿ. ಅಕ್ಕ, ಆ ಗಾಜಿಂದು ಯಾವ ಲಾಟು?"

"ನಲವತ್ತೇಳು" ಅಂದೆ.

ಅವಳು 'ಎಕೋ' ಬರೆದಳು, ನಕ್ಷತ್ರವನ್ನು ಹಿಂದಿನಿಂದ ಕಿತ್ತು ಮುಂದೆ ಹಾಕಿದಳು: '*-47'. ಅಡ್ಡಗೆರೆ ಬಿಟ್ಟರೆ ನೂರ ನಲವತ್ತೇಳನೇ ಲಾಟೂ ಸಿಕ್ಕಿಬೀಳುತ್ತದೆ ಎಂದು ಹೇಳುತ್ತಲೇ ಎಂಟರ್ ಒತ್ತಿದಳು. ಹನ್ನೊಂದು ಹೆಸರು ಬಂದವು. ಅದರಲ್ಲಿ ಮುನಿಗಳು ಆರೇ ಜನ. ಮೋಹನ್‌ಬಾಬು ಹೇಳಿದಂತೆ ನಡೆದಿದ್ದರೆ ಮೂವತ್ತೇಳು ಒಳ್ಳೆಯ ಹಾಳೆ ಸುಟ್ಟುಹೋಗಿ, ಐದು ರೋಗದ ಹಾಳೆ ಸದ್ದಿಲ್ಲದೆ ಹಳ್ಳಿ ಸೇರುತ್ತಿದ್ದವು.

ನಾನು ಹನ್ನೊಂದು ಹಾಳೆಗಳನ್ನೂ ತರಿಸಿ ಒಂದೊಂದಾಗಿ ನಂಬರು ತಾಳೆ ನೋಡಿದೆ. ಆ ಐದರಲ್ಲಿ ಒಂದು ಹೆಸರು 'ಬಯ್ಯಪ್ಪ-47'. ಬಯ್ಯಪ್ಪ ಎಂದರೆ ಮಂಗಮ್ಮನ ಗಂಡ. ಆ ವರ್ಷ ಹೊಸದಾಗಿ ಹುಳುಮನೆ ಕಟ್ಟಿದ್ದರು, ಇದು ಅದರೊಳಗಿನ ಮೊದಲ ಬೆಳೆ. ಬೇರೆ ಹಾಳೆ ಬೇಕೆಂದರೆ ಇನ್ನು ಹದಿನೈದು ದಿನ, ಅಷ್ಟರಲ್ಲಿ ಸೊಪ್ಪು ಬಲಿತು ಹೋಗುತ್ತದೆ. ಆ ಫೈಲು ಮಾಡಿದವಳು ಅವಳೇ. ನಕ್ಷತ್ರವನ್ನು ಮುಂದೆ ಹಾಕಿದರೆ ತನ್ನ ಮನೆ ಬರುತ್ತದೆ, ಹಿಂದೆಯೇ ಬಿಟ್ಟರೆ ಬರುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ನಾನು ಅವಳ ಮುಖ ನೋಡಿದೆ. ಅವಳು ಹನ್ನೊಂದು ಹೆಸರನ್ನೂ ಇನ್ನೊಮ್ಮೆ ಓದಿ, 'ಎಕೋ' ತೆಗೆದು 'ಆರ್‌ಎಂ' ಬರೆದು ಎಂಟರ್ ಒತ್ತಿದಳು. ಮೂರು ಗಂಟೆಗೆ ಚೀಟಿಗಳು ಅಚ್ಚಾದವು. ಮೂವತ್ತೇಳು ಮುನಿಗಳೂ ಮೊಟ್ಟೆ ತಗೊಂಡು ಬಸ್ಸು ಹತ್ತಿದರು. ತಮ್ಮ ಬೆಳೆ ಉಳಿಸಿದವರು ಯಾರೆಂದು ಅವರಿಗೆ ಇವತ್ತಿಗೂ ತಿಳಿಯದು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನ ಜೊತೆ ಕೆಲಸ ಮಾಡುವವಳು ಇವಳು ಎಂದು ಹೇಳಿಕೊಳ್ಳಲು ನನಗೆ ಎದೆಯುಬ್ಬುತ್ತದೆ.

ಹಿತ್ತಿಲ ಗುಂಡಿಯಲ್ಲಿ ಬೆಂಕಿ ಹಾಕಿದಾಗ ಮಂಗಮ್ಮ ಮೊದಲು ತನ್ನ ಮನೆಯ ಹಾಳೆಯನ್ನೇ ಇಟ್ಟಳು. ಮೋಹನ್‌ಬಾಬು ಪಕ್ಕದಲ್ಲಿ ನಿಂತು ಹೆಸರು ಓದಿದರು.

"ನನ್ನ ಲಿಸ್ಟಲ್ಲಿ ನಿಮ್ಮದು ಇರ್ಲಿಲ್ಲ ಅಲ್ವಾಮ್ಮ" ಅಂದರು.

"ಇರ್ಲಿಲ್ಲ ಸಾರ್" ಅಂದಳು ಮಂಗಮ್ಮ. "ಅದಕ್ಕೇ ನಿಮ್ಮ ಲಿಸ್ಟು ತಪ್ಪು ಅಂದಿದ್ದು."